ಬಿಳಿ ನೋಡುವವನು

ಷಡ್ಡಕ ಎಂಬ ಸಂಬಂಧವನ್ನು ಮೊದಲು ಯಾರು ಅನುಭವಿಸಿದರೋ ಗೊತ್ತಿಲ್ಲ, ಪಾಪ, ಅವರಿಗೆ ಹೊಟ್ಟೆಕಿಚ್ಚಿನ ಪರಿಚಯವೂ ಅಂದೇ ಆಗಿರಬೇಕು. ಒಡಹುಟ್ಟಿದವರಾದರೆ ಜಗಳವಾಡಿ ಮಾತು ಬಿಡಬಹುದು. ಷಡ್ಡಕನ ಜೊತೆ ಅದೂ ಆಗದು. ಅವನ ಹೆಂಡತಿ ನಿಮ್ಮ ಹೆಂಡತಿಯ ತಂಗಿ. ಅವನ ಮನೆಗೆ ಸೋಫಾ ಬರುವ ಮೊದಲೇ ಅದರ ಸುದ್ದಿ ನಿಮ್ಮ ಮನೆಯಲ್ಲಿ ಬಂದು ಕೂತಿರುತ್ತದೆ.

ಕಣ್ಣುಮೇಸ್ತ್ರಿಯ ಪಾಡು ಇನ್ನೂ ಕಷ್ಟದ್ದು. ಅವನ ಷಡ್ಡಕ ಅವನ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ. ಮೂರು ವರ್ಷದ ಕೆಳಗೆ ಕೈ ಹಿಡಿದು ಕೆಲಸಕ್ಕೆ ಸೇರಿಸಿದವನೂ ಇವನೇ. ಹೆಂಡತಿ ಕೇಳಿದ್ದಳು, ಇವನು ದೊಡ್ಡ ಮನಸ್ಸು ಮಾಡಿದ್ದ. ಆ ದೊಡ್ಡ ಮನಸ್ಸನ್ನು ನೆನೆಸಿಕೊಂಡು ಈಗ ದಿನಾ ಹಲ್ಲು ಕಡಿಯುತ್ತಿದ್ದ.

ಅವರ ಕೆಲಸ ದೊಡ್ಡ ಮನೆಗಳ ಹೋಮ್ ಥಿಯೇಟರ್‌ಗಳಲ್ಲಿ ಗೋಡೆಯಗಲದ ಎಲ್ಇಡಿ ಪರದೆ ಕೂರಿಸುವುದು. ಅದು ಟಿವಿಯಂತೆ ಒಂದೇ ತುಂಡಲ್ಲ. ಮೊದಲು ಗೋಡೆಗೆ ಅಲ್ಯೂಮಿನಿಯಂ ಚೌಕಟ್ಟು, ಅದರ ಮೇಲೆ ಗೇಣುದ್ದದ ಮಾಡ್ಯೂಲ್‌ಗಳು, ಒಂದೊಂದೂ ಅಯಸ್ಕಾಂತದ ಬಲದಿಂದ ಟಕ್ಕೆಂದು ಕೂರಬೇಕು. ಒಂದು ಗೋಡೆಗೆ ನೂರಾರು. ಎರಡರ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಸಿನಿಮಾದ ಆಕಾಶದಲ್ಲಿ ಗೆರೆ ಬೀಳುತ್ತದೆ. ಅದಕ್ಕಿಂತ ಕಷ್ಟದ್ದು ಬಣ್ಣ. ಎಲ್ಲ ಮಾಡ್ಯೂಲ್‌ಗಳೂ ಒಂದೇ ಬ್ಯಾಚಿನವಾಗಿರಬೇಕು. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬ್ಯಾಚಿನ ನಂಬರು ಇರುತ್ತದೆ. ಬೇರೆ ಬ್ಯಾಚಿನದೊಂದು ನುಸುಳಿದರೆ ಉಳಿದ ಬಣ್ಣಗಳಲ್ಲಿ ಹೇಗೋ ತಲೆ ಮರೆಸಿಕೊಳ್ಳುತ್ತದೆ, ಬಿಳಿಯಲ್ಲಿ ಮಾತ್ರ ಸಿಕ್ಕಿಬೀಳುತ್ತದೆ.

ಅದಕ್ಕೇ ಕೊನೆಗೆ ಗೋಡೆಯಿಡೀ ಬರೀ ಬಿಳಿ ಹೊತ್ತಿಸಿ ಒಬ್ಬರು ಹಿಂದೆ ನಿಂತು ನೋಡಬೇಕು. ತಂಡದಲ್ಲಿ ಇದಕ್ಕೆ 'ಬಿಳಿ ನೋಡುವುದು' ಎಂದೇ ಹೆಸರು. ಹನ್ನೊಂದು ವರ್ಷಗಳಿಂದ ಬಿಳಿ ನೋಡುತ್ತಿದ್ದವನು ಇವನೊಬ್ಬನೇ. ಕಣ್ಣುಮೇಸ್ತ್ರಿ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಅವನಿಗೆ ಇದರ ಮೇಲೇ ಪ್ರೀತಿ ಜಾಸ್ತಿ.

ಷಡ್ಡಕನಿಗೆ ಇದ್ದದ್ದು ಬಾಯಿ. ಸಿಹಿ ಬಾಯಿ. ಮನೆಯವರ ಜೊತೆ ಹದವಾಗಿ ಮಾತಾಡುತ್ತಾನೆ, ನಕ್ಷೆಗಳನ್ನು ಅಚ್ಚುಕಟ್ಟಾಗಿ ಇಡುತ್ತಾನೆ, ಮಾತು ಮಾತಿಗೂ 'ಅಣ್ಣ' ಎನ್ನುತ್ತಾನೆ. ಆ ಸೋಮವಾರ ಆಫೀಸಿನವರು ಅವನನ್ನು ತಂಡದ ಮುಖ್ಯಸ್ಥನನ್ನಾಗಿ ಮಾಡಿದರು. ಜೊತೆಗೆ ಒಂದು ಮೀಟರನ್ನೂ ಕೊಟ್ಟರು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂತು ಗೋಡೆಯ ಒಂಬತ್ತು ಜಾಗಗಳಲ್ಲಿ ಬಣ್ಣ ಅಳೆಯುವ ಯಂತ್ರ.

"ಇನ್ನು ನೀವು ಸುಮ್ನೆ ಕಣ್ಣು ನೋಯಿಸ್ಕೋಬೇಡಿ ಅಣ್ಣ, ಮೀಟರ್ ಇದೆಯಲ್ಲ" ಎಂದ ಷಡ್ಡಕ.

ಪ್ರೀತಿಯಿಂದಲೇ ಅಂದದ್ದು. ಕಣ್ಣುಮೇಸ್ತ್ರಿ ಮೀಟರಿನ ಕಡೆ ತಿರುಗಿಯೂ ನೋಡದೆ ಚೀಲ ಹೆಗಲಿಗೇರಿಸಿದ. ಮನೆಗೆ ಹೋದರೆ ಹೆಂಡತಿ, "ನೋಡಿ, ನನ್ನ ತಂಗಿ ಗಂಡ ಎಷ್ಟು ಬೇಗ ಮೇಲೆ ಬಂದ!" ಎಂದಳು. ಅವಳು ತಂಗಿಯ ಸಂತೋಷಕ್ಕೆ ಅಂದಳು, ಇವನು ತನ್ನ ಅವಮಾನಕ್ಕೆ ಕೇಳಿಸಿಕೊಂಡ. ಆ ದಿನ ಊಟ ಸೇರಲಿಲ್ಲ.

ಷಡ್ಡಕ ಮುಖ್ಯಸ್ಥನಾಗಿ ಕಟ್ಟಿಸಿದ ಮೊದಲ ಗೋಡೆ ಒಬ್ಬ ಹಲ್ಲಿನ ಡಾಕ್ಟರಮ್ಮನ ಮನೆಯದು. ನಾಲ್ಕನೆಯ ದಿನ ಬೆಳಿಗ್ಗೆ ಗೋಡೆ ತುಂಬಿತು. ಐದನೇ ಸಾಲಿನ ಒಂದು ಮಾಡ್ಯೂಲ್‌ನಲ್ಲಿ ಮಾತ್ರ ಒಂದು ಚುಕ್ಕಿ ಹೊತ್ತಲಿಲ್ಲ.

"ಅಣ್ಣ, ಇದೊಂದನ್ನ ನೀವೇ ಬದಲಾಯಿಸ್ಬಿಡಿ. ನಿಮ್ಮ ಕೈ ಕೂತ ಹಾಗೆ ನನ್ನ ಕೈ ಕೂರಲ್ಲ. ಡಬ್ಬಿಯಲ್ಲಿ ನಾಲ್ಕು ಸ್ಪೇರ್ ಇದೆ" ಎಂದು ಹೇಳಿ ಷಡ್ಡಕ ಡಾಕ್ಟರಮ್ಮನಿಗೆ ಫೋನ್ ಮಾಡಲು ಹೊರಗೆ ಹೋದ.

ಕಣ್ಣುಮೇಸ್ತ್ರಿ ಡಬ್ಬಿ ತೆರೆದ. ನಾಲ್ಕಿದ್ದವು. ಮತ್ತೆ ಮುಚ್ಚಿದ. ಅವನ ಚೀಲದ ತಳದಲ್ಲಿ ಹಳೆಯ ಕೆಲಸವೊಂದರಲ್ಲಿ ಉಳಿದ ಮಾಡ್ಯೂಲ್ ಒಂದಿತ್ತು. ಅಳತೆ ಅದೇ, ಬ್ಯಾಚ್ ಬೇರೆ. ಗೋಡೆ ಹೇಗಿರುತ್ತದೆಂದು ಜನರಿಗೆ ತೋರಿಸಲು ಇಟ್ಟುಕೊಂಡದ್ದು. ಅದನ್ನೇ ತೆಗೆದು ಟಕ್ಕೆಂದು ಕೂರಿಸಿದ.

ಕೆಲಸ ಕೆಡಿಸಬೇಕೆಂದು ಅಲ್ಲ, ಅಷ್ಟು ಕೆಟ್ಟವನಲ್ಲ ಅವನು. ಅವನ ಲೆಕ್ಕಾಚಾರ ಬೇರೆಯೇ ಇತ್ತು. ಮೀಟರ್ ಅಳೆಯುವ ಒಂಬತ್ತು ಜಾಗಗಳಲ್ಲಿ ಅದು ಸಿಗುವುದಿಲ್ಲ. ಷಡ್ಡಕ ಎಲ್ಲ ಸರಿ ಎನ್ನುತ್ತಾನೆ. ಡಾಕ್ಟರಮ್ಮ ಬರುತ್ತಾರೆ. ಆಗ ತಾನು ಮೆಲ್ಲನೆ ಗಂಟಲು ಸರಿಮಾಡಿಕೊಂಡು, 'ಒಂದ್ನಿಮಿಷ, ಐದನೇ ಸಾಲು ನೋಡಿ' ಎನ್ನಬೇಕು. ಎರಡೇ ನಿಮಿಷದಲ್ಲಿ ಸರಿಯಾದದ್ದನ್ನು ಹಾಕಿಕೊಟ್ಟರಾಯಿತು. ಸುದ್ದಿ ಆಫೀಸಿಗೂ ಹೋಗುತ್ತದೆ, ಮನೆಗೂ ಹೋಗುತ್ತದೆ. ಮೀಟರ್ ಯಾವುದು, ಕಣ್ಣು ಯಾವುದು ಎಂದು ಎಲ್ಲರಿಗೂ ತಿಳಿಯುತ್ತದೆ.

ಷಡ್ಡಕ ಒಳಗೆ ಬಂದು ಬಿಳಿ ಹೊತ್ತಿಸಿದ. ಇಡೀ ಕೋಣೆ ಹಾಲಿನಲ್ಲಿ ಅದ್ದಿದಂತಾಯಿತು. ಕಣ್ಣುಮೇಸ್ತ್ರಿಗೆ ಐದನೇ ಸಾಲಿನ ಆ ತುಂಡು ಬಾಗಿಲಿನಿಂದಲೇ ಕಂಡಿತು. ತೊಳೆದ ಅಂಗಿಯ ಮೇಲೆ ಉಳಿದುಹೋದ ಚಹಾ ಕಲೆಯ ಹಾಗೆ, ಇದೆಯೋ ಇಲ್ಲವೋ ಎನ್ನುವಷ್ಟು ಕೆಂಚು.

"ಮೀಟರ್ ಸರಿ ಅಂತಿದೆ. ಆದ್ರೂ ನೀವೊಂದು ಮಾತು ಹೇಳ್ಬಿಡಿ ಅಣ್ಣ. ನೀವು ಹೇಳದಿದ್ರೆ ನನಗೆ ಧೈರ್ಯ ಬರಲ್ಲ."

ಇಲ್ಲಿಯೇ ಹೇಳಿಬಿಡಬಹುದಿತ್ತು. ಆದರೆ ಇಲ್ಲಿ ಹೇಳಿದರೆ ಕೇಳಿಸಿಕೊಳ್ಳುವವನು ಷಡ್ಡಕ ಒಬ್ಬನೇ.

"ಸರಿ ಇದೆ" ಎಂದ ಕಣ್ಣುಮೇಸ್ತ್ರಿ.

ಡಾಕ್ಟರಮ್ಮ ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕೈ ಕಟ್ಟಿಕೊಂಡು ಗೋಡೆಯ ಮುಂದೆ ನಿಂತರು. ಕಣ್ಣುಮೇಸ್ತ್ರಿ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಷಡ್ಡಕ ಅವನ ಹೆಗಲ ಮೇಲೆ ಕೈ ಹಾಕಿ ಶುರು ಮಾಡಿದ:

"ಮೀಟರ್ ಎಲ್ಲ ಆಮೇಲೆ ಮೇಡಂ. ಈ ಗೋಡೆಯನ್ನ ನಮ್ಮಣ್ಣ ನೋಡಿದ್ದಾರೆ. ಇವರ ಕಣ್ಣು ತಪ್ಪಿಸಿ ಒಂದು ಚುಕ್ಕಿ ಕೂಡ ಅಲ್ಲಾಡಲ್ಲ. ಇವರು ಸರಿ ಅಂದ್ರೆ ಸರಿ."

ಗಂಟಲವರೆಗೆ ಬಂದ ಮಾತು ಅಲ್ಲೇ ನಿಂತಿತು. ಹೊಗಳಿಕೆ ಇಷ್ಟು ಕೆಟ್ಟ ಹೊತ್ತಿಗೆ ಯಾರಿಗೂ ಬರಬಾರದು.

"ಅದು ಬೇರೆ ಬಿಳಿ" ಎಂದರು ಡಾಕ್ಟರಮ್ಮ.

"ಯಾವುದು ಮೇಡಂ?"

"ಕೆಳಗಿನಿಂದ ಐದನೇ ಸಾಲು, ಎಡಗಡೆ. ಮೂವತ್ತು ವರ್ಷದಿಂದ ಜನರ ಬಾಯಲ್ಲಿ ಬಿಳಿ ಪಕ್ಕ ಬಿಳಿ ಜೋಡಿಸ್ತಾ ಇದ್ದೀನಪ್ಪ ನಾನು. ಕೃತಕ ಹಲ್ಲಿನ ಹಾಗೆ ಎದ್ದು ಕಾಣ್ತಿದೆ."

ಷಡ್ಡಕ ಗೋಡೆಗೆ ಮೂಗು ತಾಗಿಸುವಷ್ಟು ಹತ್ತಿರ ಹೋದ, ದೂರ ಬಂದ, ಪಕ್ಕದಿಂದ ನೋಡಿದ. ಕೊನೆಗೆ ಅವನಿಗೂ ಕಂಡಿತು. ತಿರುಗಿ ನೋಡಿದ. ಡಾಕ್ಟರಮ್ಮನೂ ನೋಡಿದರು.

"ಅಣ್ಣ, ನಿಮಗೆ ಕಾಣಿಸ್ಲಿಲ್ವಾ?"

ಕಂಡಿತ್ತು ಎಂದರೆ ಕೆಟ್ಟವನಾಗಬೇಕು. ಕಾಣಲಿಲ್ಲ ಎಂದರೆ ಕಣ್ಣುಮೇಸ್ತ್ರಿ ಎಂಬ ಹೆಸರು ಅಲ್ಲಿಗೇ ಮುಗಿಯಿತು. ಅವನು ನೆಲ ನೋಡಿದ.

"ಕಾಣಿಸ್ಲಿಲ್ಲ" ಎಂದ.

ಷಡ್ಡಕ ಆ ಮಾಡ್ಯೂಲನ್ನು ಕಿತ್ತು ಬೆನ್ನಿನ ನಂಬರು ನೋಡಿದ, ಬ್ಯಾಚ್ ಬೇರೆ. ಡಬ್ಬಿ ತೆರೆದ. "ಸ್ಪೇರ್ ನಾಲ್ಕೂ ಇಲ್ಲೇ ಇದೆಯಲ್ಲ" ಎಂದು ತನ್ನಷ್ಟಕ್ಕೆ ಗೊಣಗಿದ.

"ಐದು ಬಂದಿತ್ತೇನೋ" ಎಂದ ಕಣ್ಣುಮೇಸ್ತ್ರಿ.

"ಇರಬೇಕು" ಎಂದ ಷಡ್ಡಕ. ನಂಬಿದ. ಅಣ್ಣ ಹೇಳಿದ್ದನ್ನು ನಂಬುವುದು ಅವನಿಗೆ ಅಭ್ಯಾಸವಾಗಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಷಡ್ಡಕ ಬಿಡಲಿಲ್ಲ. ಆಫೀಸಿಗೆ ಕೊಟ್ಟ ವರದಿಯಲ್ಲಿ ತಪ್ಪು ತನ್ನದೇ ಎಂದು ಬರೆದ. ನಾದಿನಿ ಫೋನ್ ಮಾಡಿ, "ಭಾವ, ಕಣ್ಣಿನ ವಿಷಯ, ಉದಾಸೀನ ಮಾಡಬೇಡಿ" ಎಂದಳು. ಹೆಂಡತಿ ಕ್ಯಾರೆಟ್ ತಂದು ಗುಡ್ಡೆ ಹಾಕಿದಳು. ಎಲ್ಲರ ಕರುಣೆಯೂ ಒಟ್ಟಿಗೆ ಮೈಮೇಲೆ ಬಿತ್ತು. ಅದರಲ್ಲಿ ಷಡ್ಡಕನ ಕರುಣೆಯೇ ಹೆಚ್ಚು ಉರಿಸಿತು. ತಪ್ಪು ಮಾಡದೆಯೇ ತಪ್ಪು ಹೊತ್ತುಕೊಂಡು ಅವನು ಇನ್ನೂ ಎರಡು ಮೆಟ್ಟಿಲು ಮೇಲೆ ಹತ್ತಿಬಿಟ್ಟಿದ್ದ!

ಶನಿವಾರ ಬೆಳಿಗ್ಗೆ ಷಡ್ಡಕನೇ ಅವನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. "ನೀವಿಲ್ಲದೆ ಬಿಳಿ ನೋಡೋರು ಯಾರಣ್ಣ?" ಎಂದ ದಾರಿಯಲ್ಲಿ.

ಪರೀಕ್ಷೆ ಮಾಡುವಾಕೆ ಉದ್ದನೆಯ ತಟ್ಟೆಯೊಂದನ್ನು ಮುಂದಿಟ್ಟಳು. ಅದರಲ್ಲಿ ಅಂಗಿಯ ಗುಂಡಿಯಷ್ಟೇ ದೊಡ್ಡ ಬಣ್ಣದ ಬಿಲ್ಲೆಗಳು, ಒಂದಕ್ಕೂ ಇನ್ನೊಂದಕ್ಕೂ ಇದ್ದೂ ಇಲ್ಲದಂಥ ವ್ಯತ್ಯಾಸ. ನಸುಗೆಂಪಿನಿಂದ ಹಳದಿಯವರೆಗೆ ಕ್ರಮವಾಗಿ ಜೋಡಿಸಬೇಕು. ಸರಿಯಾಗಿದೆಯೇ ಎಂಬುದು ಬಿಲ್ಲೆಯ ಬೆನ್ನಿನ ನಂಬರಿನಿಂದ ತಿಳಿಯುತ್ತದೆ.

"ಹೇಗೆ ಅಂತ ಅಣ್ಣನಿಗೆ ತೋರಿಸ್ತೀನಿ" ಎಂದು ಷಡ್ಡಕ ಮೊದಲು ತಾನೇ ಕೂತ. ಜೋಡಿಸಿದ. ಆಕೆ ಬಿಲ್ಲೆಗಳನ್ನು ತಿರುವಿ ನೋಡಿ ಹುಬ್ಬೇರಿಸಿದಳು.

"ಅಬ್ಬಾ! ಒಂದೇ ಒಂದು ಜಾಗದಲ್ಲಿ ಎರಡು ಅದಲು ಬದಲು. ಇಷ್ಟು ಒಳ್ಳೆ ಕಣ್ಣು ನಾನು ನೋಡೇ ಇಲ್ಲ ಸರ್."

ಷಡ್ಡಕ ನಾಚಿಕೊಂಡು ನಕ್ಕ.

ಕಣ್ಣುಮೇಸ್ತ್ರಿ ಮನೆಯಿಂದ ಹೊರಡುವಾಗಲೇ ನಿರ್ಧರಿಸಿದ್ದ: ಬೇಕೆಂದೇ ನಾಲ್ಕೈದು ತಪ್ಪು ಮಾಡುವುದು, ವಯಸ್ಸಾಯಿತು ಎನಿಸಿಕೊಳ್ಳುವುದು, ಒಂದು ಕನ್ನಡಕ ಹಾಕಿಕೊಂಡು ವಿಷಯ ಮುಗಿಸುವುದು. ಆಕೆಯ ಆ ಮಾತು ಕಿವಿಗೆ ಬೀಳುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಒಳ್ಳೆ ಕಣ್ಣಂತೆ! ಷಡ್ಡಕನದಂತೆ! ಬಿಲ್ಲೆಗಳನ್ನು ಕಲೆಸಿ ತಟ್ಟೆಯನ್ನು ಅವನ ಮುಂದಿಟ್ಟಾಗ ಬೆರಳುಗಳು ಅವನ ಮಾತು ಕೇಳಲಿಲ್ಲ. ಟಕ್, ಟಕ್, ಟಕ್. ಒಂದರ ಪಕ್ಕ ಒಂದು. ಷಡ್ಡಕ ಎಡವಿದ ಜಾಗಕ್ಕೆ ಬಂದಾಗ ನಿಲ್ಲಲೂ ಇಲ್ಲ. ಷಡ್ಡಕ ತೆಗೆದುಕೊಂಡ ಅರ್ಧ ಹೊತ್ತಿನಲ್ಲಿ ಮುಗಿಸಿ, ತಟ್ಟೆಯನ್ನು ಆಕೆಯ ಕಡೆ ತಳ್ಳಿದ.

ಆಕೆ ಒಂದೊಂದಾಗಿ ತಿರುವಿದಳು. ಒಂದು, ಎರಡು, ಮೂರು. ಕೊನೆಯವರೆಗೂ ಸಾಲಾಗಿ.

"ಒಂದೂ ತಪ್ಪಿಲ್ಲ! ಇವರ ಕಣ್ಣಿಗೆ ಏನಾಗಿದೆ ಅಂತ ಕರ್ಕೊಂಡು ಬಂದ್ರಿ ಸರ್?"

ಗೆದ್ದ ಸಂತೋಷದಲ್ಲಿ ಕಣ್ಣುಮೇಸ್ತ್ರಿ ಮೀಸೆಯಡಿಯಲ್ಲಿ ನಗುತ್ತಾ ಪಕ್ಕಕ್ಕೆ ತಿರುಗಿದ.

ಷಡ್ಡಕನೂ ನಗುತ್ತಿದ್ದ. ಅಣ್ಣನ ಕಣ್ಣು ಸರಿಯಾಗಿದೆ ಎಂಬ ನಿಜವಾದ ಸಂತೋಷ ಅವನ ಮುಖದಲ್ಲಿತ್ತು. ಆಮೇಲೆ ಆ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಬೆನ್ನು ಮೇಲಾಗಿ ಮಲಗಿದ್ದ ಬಿಲ್ಲೆಗಳನ್ನೂ ಅವುಗಳ ನಂಬರುಗಳನ್ನೂ ತುಂಬ ಹೊತ್ತು ನೋಡುತ್ತಾ ಕೂತ. ಕಣ್ಣುಮೇಸ್ತ್ರಿಗೆ ಎಲ್ಲ ಕಾಣಿಸುತ್ತಿತ್ತು, ಅವನ ಕಣ್ಣು ಅಷ್ಟು ಚೆನ್ನಾಗಿತ್ತು.

"ಡಬ್ಬಿಯಲ್ಲಿ ನಾಲ್ಕೇ ಇದ್ದದ್ದು" ಎಂದ ಷಡ್ಡಕ.

ಅಣ್ಣ ಎನ್ನಲಿಲ್ಲ.