ಎರಡನೇ ಹೆಸರು

ನಾಗಭೂಷಣನಿಗೆ ಐರ್ಲೆಂಡ್ ಬೇಡವಾಗಿತ್ತು. ಬೇಡ ಅನ್ನುವುದಕ್ಕೆ ಮಾತ್ರ ಬಾಯಿ ಬರುತ್ತಿರಲಿಲ್ಲ. ಗುಬ್ಬಿಯ ಅಡಿಕೆ ಮಂಡಿಯಲ್ಲಿ ಗಂಟಲನ್ನೇ ಬಂಡವಾಳ ಮಾಡಿಕೊಂಡು ಬದುಕಿದ ಮನುಷ್ಯ, ಮನೆಯಲ್ಲಿ ಹಾವೂ ಸಾಯದ ಕೋಲೂ ಮುರಿಯದ ದಾರಿ ಹುಡುಕುತ್ತಿದ್ದ.

ಹೆಂಡತಿ ಶಾಂತಲಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ಹೋದ ವರ್ಷ ರಿಟೈರ್ ಆಗಿದ್ದಳು. ತವರು ಕುಣಿಗಲ್. ಚಿಕ್ಕವಳಿದ್ದಾಗ ಕುದುರೆ ಫಾರಂ ಬೇಲಿಗೆ ಮೂಗು ಒತ್ತಿ ನಿಂತವಳಿಗೆ, ಆ ಕಂದು ಕುದುರೆ ಐರ್ಲೆಂಡಿನದು, ಅಲ್ಲಿ ಹುಲ್ಲು ಒಣಗುವುದೇ ಇಲ್ಲವಂತೆ ಎಂದು ಯಾರೋ ಹೇಳಿದ್ದರು. ಆ ಹುಲ್ಲು ಅವಳ ತಲೆಯಲ್ಲಿ ಇನ್ನೂ ಒಣಗಿರಲಿಲ್ಲ. ಈಗ ಅದರ ಜೊತೆಗೆ ಸಮುದ್ರದಂಚಿನ ಬಂಡೆಗಳು, ಕಲ್ಲುಗೋಡೆಯ ಹೊಲಗಳು, ಪಬ್ಬಿನ ಪಿಟೀಲು ಎಲ್ಲವೂ ಸೇರಿಕೊಂಡಿದ್ದವು. ತುಮಕೂರಿನ ಟ್ರಾವೆಲ್ಸ್‌ನವರ ಹತ್ತಿರ ಎರಡು ಸೀಟು ಹಿಡಿದಿಟ್ಟು, ಮನೆಯ ವಾಡಿಕೆಯಂತೆ ಗಂಡನ ಫೋನ್ ನಂಬರು ಕೊಟ್ಟಿದ್ದಳು. ಎರಡನೆಯ ಸೀಟು ಯಾರ ಹೆಸರಿಗೆ ಅನ್ನುವುದನ್ನು ಭಾನುವಾರದೊಳಗೆ ಹೇಳಬೇಕಿತ್ತು.

ನಾಗಭೂಷಣ ಮೊದಲು ಊಟದ ವಿಷಯ ಎತ್ತಿದ. “ಅಲ್ಲಿ ಬರೀ ಮಾಂಸ ಕಣೇ. ನಾನೇನ್ ತಿನ್ಲಿ?”

“ಆಲೂಗಡ್ಡೆ ಅವ್ರಿಗೆ ನಮ್ಮ ಮುದ್ದೆ ಇದ್ದಂಗೆ ಕಣ್ರೀ. ಚಟ್ನಿಪುಡಿ ತಗೊಂಡೋಗೋಣ.”

“ಹೆಂಡದಂಗಡೀಲಿ ಕೂತು ಪಿಟೀಲು ಕೇಳಿದ್ರೆ ಮಠದಲ್ಲಿ ಏನಂತಾರೆ?”

“ಕಾಫಿ ಕುಡೀತಾ ಕೇಳಿ.”

ಕೊನೆಗೆ ಅವನು ಕತ್ತಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಟ್ಟಿಕೊಂಡ. “ಏರ್‌ಪೋರ್ಟಲ್ಲಿ ಇದನ್ನ ಬಿಚ್ಚಿಸ್ತಾರೆ. ಚಪ್ಪಲಿ, ಬೆಲ್ಟು ಇಡೋ ಟ್ರೇಯಲ್ಲಿ ಇಷ್ಟಲಿಂಗ ಇಡ್ಲಾ?”

ಶಾಂತಲಾ ಕೈ ತನ್ನ ಕತ್ತಿಗೆ ಹೋಯಿತು. ಅವಳ ಕತ್ತಿನಲ್ಲೂ ಲಿಂಗವಿತ್ತು. ಗೆದ್ದೆ ಅಂದುಕೊಂಡ ನಾಗಭೂಷಣನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಶನಿವಾರ ಅವನ ಅಕ್ಕ ಹೊಂಬಾಳಮ್ಮ ಬಂದಳು. ಗಂಡ ತೀರಿಕೊಂಡ ಮೇಲೆ ಕಾಶಿ, ನೇಪಾಳ ಎಲ್ಲ ವಿಮಾನದಲ್ಲೇ ಸುತ್ತಿಬಂದ ಗಟ್ಟಿ ಹೆಂಗಸು. ತಮ್ಮನ ಕಷ್ಟ ಕೇಳಿ ನಕ್ಕಳು.

“ನಂಗೂ ಬಿಚ್ಚು ಅಂದ್ಲು ಆ ಪೊಲೀಸ್ ಹುಡ್ಗಿ. ಅಂಗೈ ಮೇಲೆ ಇಟ್ಕೊಂಡು ‘ದೇವ್ರು ಕಣವ್ವ’ ಅಂತ ತೋರ್ಸಿದೆ. ಕೈ ಮುಗ್ದು ಕಳಿಸಿದ್ಲು. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಇಷ್ಟ ಇಲ್ದಿದ್ರೆ ಇಲ್ಲ ಅನ್ನು, ಶಿವನ್ನ ಯಾಕ್ಲಾ ಅಡ್ಡ ತರ್ತೀಯ?” ಆಮೇಲೆ ಶಾಂತಲಾ ಕಡೆ ತಿರುಗಿದಳು. “ಇವ್ನು ಬರ್ದಿದ್ರೆ ಬುಡು, ನಾನ್ ಬರ್ತೀನಿ. ಪಶುಪತಿನಾಥನ್ನ ನೋಡಕ್ಕೆ ಮಾಡ್ಸಿದ ಪಾಸ್‌ಪೋರ್ಟ್ ಹಂಗೇ ಐತೆ.”

ಶಾಂತಲಾ ಮುಖ ಅರಳಿದ್ದನ್ನು ನಾಗಭೂಷಣ ನೋಡಿದ. ಅವನಿಲ್ಲದೆಯೂ ಅವಳು ಹೋಗಬಲ್ಲಳು. ಅದು ಅವನಿಗೆ ಈವರೆಗೆ ಹೊಳೆದೇ ಇರಲಿಲ್ಲ.

ಭಾನುವಾರ ಬೆಳಗ್ಗೆ ಪೂಜೆಗೆ ಕೂತರೆ ಅಂಗೈ ಮೇಲಿನ ಲಿಂಗವನ್ನು ನೋಡಲು ನಾಚಿಕೆಯಾಯಿತು. ಹೇಗೋ ಮುಗಿಸಿ ಎದ್ದು ಅಡಿಗೆಮನೆ ಬಾಗಿಲಲ್ಲಿ ನಿಂತ.

“ಲಿಂಗದ ವಿಷ್ಯ ಅಲ್ಲ ಕಣೇ. ನಂಗೆ ಇಂಗ್ಲಿಷ್ ಬರಲ್ಲ. ಮಂಡೀಲಿ ಬಾಯಿ ಬಿಟ್ರೆ ಎಲ್ರೂ ತಿರುಗಿ ನೋಡ್ತಾರೆ. ಅಲ್ಲಿ ಒಂದ್ ಲೋಟ ನೀರು ಕೇಳೋಕೂ ನಿನ್ ಮುಖ ನೋಡ್ಬೇಕು.”

ಶಾಂತಲಾ ಒಲೆ ಸಣ್ಣ ಮಾಡಿದಳು. ದನಿಯನ್ನೇನೂ ಏರಿಸಲಿಲ್ಲ.

“ಈ ಮನೆಗೆ ಬಂದ ಹೊಸತರಲ್ಲಿ ನಾನೂ ನಿಮ್ಮ ಮುಖಾನೇ ನೋಡ್ತಿದ್ದೆ. ಮನೆ ತುಂಬ ಜನ, ಯಾರನ್ನ ಏನು ಕೇಳ್ಬೇಕೋ ಗೊತ್ತಾಗ್ತಿರ್ಲಿಲ್ಲ. ನೀವು ಮಂಡಿಗೆ ಹೋದ್ರೆ ಸಂಜೆವರ್ಗೂ ಬಾಯಾರಿಕೊಂಡೇ ಕೂತಿರ್ತಿದ್ದೆ.”

ಕಂಬಕ್ಕೆ ಒರಗಿ ನಿಲ್ಲುತ್ತಿದ್ದ ಆ ಹುಡುಗಿ ನಾಗಭೂಷಣನಿಗೆ ನೆನಪಿದ್ದಳು. ಓದಿದವಳಲ್ಲವೇ, ಸೊಕ್ಕು, ಮಾತೇ ಆಡಲ್ಲ ಎಂದು ಆಗ ಅಕ್ಕನ ಹತ್ತಿರ ಅವನೇ ಹೇಳಿದ್ದ.

ನಡುಮನೆಯಲ್ಲಿ ಅವನ ಮೊಬೈಲ್ ಹೊಡೆದುಕೊಂಡಿತು. ವ್ಯವಹಾರದ ಮಾತು ಯಾವುದಿದ್ದರೂ ಆ ಮನೆಯಲ್ಲಿ ಅವನೇ ಆಡಬೇಕು. ಹೋಗಿ ಎತ್ತಿಕೊಂಡ.

“ಸರ್, ಟ್ರಾವೆಲ್ಸಿಂದ. ಎರಡನೇ ಹೆಸರು ಯಾವ್ದು ಬರ್ಕೊಳ್ಲಿ?”

ನಾಗಭೂಷಣ ಅಡಿಗೆಮನೆಗೆ ಬಂದು ಫೋನನ್ನು ಹೆಂಡತಿಯ ಕೈಗಿಟ್ಟ.

“ನೀನೇ ಮಾತಾಡು. ನನ್ ಹೆಸ್ರು ಹೇಳು.”

ಅವಳು ಹೇಳುತ್ತಿದ್ದಳು, ಊರು, ವಯಸ್ಸು, ಪಾಸ್‌ಪೋರ್ಟ್ ನಂಬರು. ಅವನು ಬಿಂದಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ಅವಳ ಮುಂದಿಟ್ಟು, ಅವಳು ಕುಡಿಯುವವರೆಗೂ ಅಲ್ಲೇ ನಿಂತ.