ಅಳತೆ ತಪ್ಪಿದ ಗುಂಡಿ

ಹೂಳುವ ಕೆಲಸಕ್ಕೆ ಮನೆಯವರು ಕೈ ಹಾಕಬಾರದು ಎಂಬುದು ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಯ ಯಜಮಾನನ ನಿಯಮ. ದುಃಖದಲ್ಲಿರುವವರಿಗೆ ಕೈಕಾಲೇ ಆಡುವುದಿಲ್ಲ, ದೂರ ನಿಂತು ಅತ್ತರೆ ಸಾಕು ಎನ್ನುತ್ತಿದ್ದ.

ಅಂದು ತಂದದ್ದು ಗಾರೆ ಮೇಸ್ತ್ರಿಯೊಬ್ಬನ ಮಗನನ್ನು. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದಾಗ ಗೋಡೆ ಕಟ್ಟಲು ನಿಲ್ಲಿಸಿದ್ದ ಸಾರುವೆಯಿಂದ ಬಿದ್ದು ಸತ್ತಿದ್ದ. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ಅರ್ಧದಲ್ಲೇ ಸಿಕ್ಕಿಕೊಂಡಿತು. ಮಗ ಎತ್ತರದ ಆಳು. ಗುಂಡಿ ತೋಡುವವರಿಗೆ ಅಳತೆ ಹೇಳುವಾಗ ಯಜಮಾನನೇ ಎಡವಿದ್ದ. ಆಳುಗಳು ಪೆಟ್ಟಿಗೆಯನ್ನು ಮೇಲೆತ್ತಿ ಪಕ್ಕಕ್ಕಿಟ್ಟರು.

“ನೀವೆಲ್ಲ ಸ್ವಲ್ಪ ಆ ಕಡೆ ಹೋಗಿ, ನಾವು ಸರಿ ಮಾಡ್ತೀವಿ” ಎಂದ ಯಜಮಾನ.

ಮೇಸ್ತ್ರಿ ಕದಲಲಿಲ್ಲ. ಅಂಗಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. “ಸನಿಕೆ ಕೊಡಿ ಇಲ್ಲಿ.”

“ಬೇಡ ಮೇಸ್ತ್ರಿ, ನಿಮ್ಮ ಕೈಲಾಗಲ್ಲ.”

“ಅವನನ್ನ ಸಾರುವೆ ಹತ್ತಿಸಿದ್ದು ನಾನೇ. ಇದನ್ನ ಬೇರೆಯವರಿಗೆ ಬಿಡ್ಲಾ?”

ಯಜಮಾನ ಸನಿಕೆ ಕೊಟ್ಟ. ಮೇಸ್ತ್ರಿ ಗುಂಡಿಗಿಳಿದು ಗೋಡೆ ಕೆತ್ತತೊಡಗಿದ. ಸಾಕೆನಿಸಿದ ಮೇಲೆ ಸನಿಕೆ ಬದಿಗಿಟ್ಟು, ಅಳತೆ ನೋಡಲು ತಾನೇ ಅಂಗಾತ ಮಲಗಿದ.

ತಲೆಯಾಚೆ ಉಳಿದ ಜಾಗವನ್ನು ಕೈಯಿಂದ ಅಳೆದು, “ನನಗಿಂತ ಒಂದು ಗೇಣು ಉದ್ದ ಇದ್ದ, ಇಷ್ಟು ಸಾಕು” ಎಂದ. ಆದರೆ ಏಳಲಿಲ್ಲ.

“ಯಾರಾದ್ರೂ ಅವರನ್ನ ಎಬ್ಬಿಸ್ರೋ!” ಎಂದು ಹೆಂಡತಿ ಚೀರಿದಳು.

ಯಜಮಾನ ಇಸ್ತ್ರಿ ಬಟ್ಟೆಯಲ್ಲೇ ಕೆಳಗಿಳಿದು, ಕಂಕುಳಿಗೆ ಕೈ ಹಾಕಿ ಅವನನ್ನು ಎತ್ತಿ ಕೂರಿಸಿದ. ಮೇಸ್ತ್ರಿ ಅವನ ಭುಜ ಕಚ್ಚಿಕೊಂಡು, ಸದ್ದಿಲ್ಲದೆ ಅತ್ತ.

ಇಬ್ಬರೂ ಮೇಲೆ ಬಂದರು. ಮತ್ತೆ ಪೆಟ್ಟಿಗೆ ಇಳಿಸುವಾಗ ತಲೆಯ ಕಡೆಯ ಹಗ್ಗವನ್ನು ಯಜಮಾನ ಮೇಸ್ತ್ರಿಯ ಕೈಗೇ ಕೊಟ್ಟ. “ನಿಧಾನ” ಎಂದಷ್ಟೇ ಹೇಳಿದ.