ತಕರಾರಮ್ಮನ ಹನ್ನೊಂದು ಪುಟ

ಅವಳು ಸಿನಿಮಾವನ್ನು ಕಣ್ಣಿಗಿಂತ ಹೆಚ್ಚಾಗಿ ಬೆರಳುಗಳಿಂದ ನೋಡುತ್ತಿದ್ದಳು. ದೀಪ ಆರಿದೊಡನೆ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು, ತಾನು ಓದಿದ ಕಾದಂಬರಿಗೂ ತೆರೆಯ ಮೇಲಿನ ಕಥೆಗೂ ಎಲ್ಲಿ ವ್ಯತ್ಯಾಸ ಕಂಡರೂ ಒಂದು ಬೆರಳು ಮಡಚುವುದು. ಹತ್ತೂ ಮುಗಿದರೆ ಮತ್ತೆ ಕಿರುಬೆರಳಿನಿಂದ ಆರಂಭ. ಮಧ್ಯಂತರದಲ್ಲಿ ಮುಷ್ಟಿ ಬಿಗಿದು ಕುಳಿತ ಆ ಹದಿನೈದರ ಹುಡುಗಿಯನ್ನು ಕಂಡವರು, ಪಾಪ, ಕಥೆ ಮನಸ್ಸಿಗೆ ನಾಟಿದೆ ಎಂದುಕೊಳ್ಳುತ್ತಿದ್ದರು. ಟಿಕೆಟ್ ಹರಿಯುವ ಮುದುಕನಿಗೆ ಮಾತ್ರ ನಿಜ ಗೊತ್ತಿತ್ತು. “ಏನಮ್ಮಾ, ಇವತ್ತೆಷ್ಟು?” ಎಂದು ಬಾಗಿಲಲ್ಲಿ ಕೇಳುವನು. “ಹದಿನೇಳು. ಇನ್ನೂ ಅರ್ಧ ಬಾಕಿ ಇದೆ,” ಎನ್ನುವಳು ಇವಳು, ನಗದೆ.

ನಾನು ಅವಳನ್ನು ಮೊದಲು ಕಂಡದ್ದು ನಮ್ಮ ಬೀದಿಯ ವಾಚನಾಲಯದಲ್ಲಿ. ಲೇಖಕನೆಂಬ ಹೆಸರು ಹೊತ್ತೂ ದಿನಕ್ಕೊಂದು ಪುಟ ಬರೆಯಲಾರದ ನನಗೆ ಮೈಗಳ್ಳತನವನ್ನು ಮುಚ್ಚಿಕೊಳ್ಳಲು ಗೌರವದ ಕೆಲಸವೊಂದು ಬೇಕಿತ್ತು. ವಾರಕ್ಕೆ ಮೂರು ಸಂಜೆ ಅಲ್ಲಿ ಕುಳಿತು ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತುವ ಹೊಣೆಯನ್ನು ನಾನಾಗಿಯೇ ತಲೆಗೆ ಕಟ್ಟಿಕೊಂಡಿದ್ದೆ. ಅವಳು ಬರುವ ರೀತಿಯೇ ನೋಡುವಂತಿತ್ತು. ಬಿಡಿಸಿದ ಪುಸ್ತಕ ಮುಖದ ಮುಂದೆ, ಎಡಭುಜ ಬೀದಿಯ ಗೋಡೆಗೆ ಒರಸುತ್ತ, ಗೋಡೆ ಮುಗಿದಲ್ಲಿ ಕ್ಷಣಮಾತ್ರ ನಿಂತು, ತಲೆಯೆತ್ತದೆ ಪಾದದಿಂದಲೇ ಮೆಟ್ಟಿಲನ್ನು ತಡವಿ ಏರುವ ಆ ನಡಿಗೆಯ ದೆಸೆಯಿಂದ ಅವಳ ಬೂದುಬಣ್ಣದ ಕೋಟಿನ ಎಡತೋಳಿಗೆ ಸದಾ ಸುಣ್ಣ ಮೆತ್ತಿಕೊಂಡಿರುತ್ತಿತ್ತು. ಕೋಟು ದೊಡ್ಡಮ್ಮ ಹೊಲಿದದ್ದು. ದೊಡ್ಡಮ್ಮ ನಾಲ್ಕು ಮನೆ ಆಚೆ ಹೊಲಿಗೆ ಅಂಗಡಿ ಇಟ್ಟವರು. ತಂಗಿ ತೀರಿಕೊಂಡಾಗ ಆರು ವರ್ಷದ ಈ ಮಗುವನ್ನು ಕರೆತಂದು ಸಾಕಿದವರು. ಕೋಟಿನ ಒಳಜೇಬನ್ನು ಅವರು ಕಾದಂಬರಿಯೊಂದರ ಅಳತೆ ತೆಗೆದುಕೊಂಡೇ ಹೊಲಿದಿದ್ದರು.

ಪುಸ್ತಕವನ್ನು ಸುಮ್ಮನೆ ಮೇಜಿನ ಮೇಲಿಟ್ಟು ಹೋಗುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ತೀರ್ಪು ಕೊಟ್ಟೇ ಹೋಗಬೇಕು. ತೀರ್ಪಿನ ಮೊದಲ ಪದ ಬಹುಮಟ್ಟಿಗೆ “ಒಪ್ಪಲ್ಲ.” ಹರೆಯದವರಿಗೆಂದೇ ಬರೆದ, ಮೂರು ಸಂಪುಟಗಳಿಗೆ ಹಬ್ಬಿದ ಪ್ರೇಮಕಥೆಯೊಂದನ್ನು ಹಿಂತಿರುಗಿಸುತ್ತ, “ಆ ಇಬ್ಬರು ಹುಡುಗರಲ್ಲಿ ಯಾರು ಅಂತ ಮೂರು ಪುಸ್ತಕ ಯೋಚನೆ ಮಾಡ್ತಾಳೆ ಸಾರ್. ಅವಳಿಗೆ ಪರೀಕ್ಷೆಗಿರೀಕ್ಷೆ ಇರಲಿಲ್ವಾ?” ಎಂದು ಕೇಳಿದಳು. ಸಿನಿಮಾಗಳ ವಿಷಯಕ್ಕೆ ಬಂದರಂತೂ ದಯೆದಾಕ್ಷಿಣ್ಯವೇ ಇಲ್ಲ. “ಪುಸ್ತಕದಲ್ಲಿ ನಾಯಕಿಗೆ ಉಬ್ಬುಹಲ್ಲು. ಅದಕ್ಕೇ ಅಲ್ವಾ ಕಂಡಕಂಡವರ ಜೊತೆ ಜಗಳ ಆಡೋದು? ಸಿನಿಮಾದಲ್ಲಿ ನೋಡಿದ್ರೆ ಹಲ್ಲು ಮುತ್ತು ಪೋಣಿಸಿದ ಹಾಗಿದೆ. ಇನ್ನು ಜಗಳ ಯಾಕೆ ಆಡ್ತಾಳೆ, ಹೇಳಿ.” ಹದಿನಾರರ ಹುಡುಗನಾಗಿ ನಟಿಸಿದ ಮಹಾಶಯನ ಕೆನ್ನೆ ಗಡ್ಡ ಬೋಳಿಸಿ ಬೋಳಿಸಿ ಹಸಿರುಗಟ್ಟಿದ್ದನ್ನು ಆ ಕತ್ತಲಲ್ಲೂ ಗುರುತಿಸಿ ಬಂದಿದ್ದಳು. ಪತ್ರಿಕೆ ಓದಲು ಬರುವ ನಿವೃತ್ತರು ಅವಳಿಗೆ ತಕರಾರಮ್ಮ ಎಂದು ಹೆಸರಿಟ್ಟರು. ಅದಕ್ಕೂ ಅವಳ ತಕರಾರೇನೂ ಇರಲಿಲ್ಲ.

ಅವಳ ಅಭಿರುಚಿಯನ್ನು ತಿದ್ದುವ ಉಮೇದಿನಲ್ಲಿ ನಾನೊಮ್ಮೆ ದೊಡ್ಡವರು ಕೊಂಡಾಡುವ ಗಂಭೀರ ಗ್ರಂಥವೊಂದನ್ನು ಕೊಟ್ಟೆ. ಮೂರನೆಯ ದಿನ ತಂದಿಟ್ಟು, “ಇದರಲ್ಲಿ ಎಲ್ಲರೂ ಸುಸ್ತಾಗಿದ್ದಾರೆ,” ಎಂದಳು. ಬುದ್ಧಿ ಬರಬೇಕಿತ್ತು, ಬರಲಿಲ್ಲ. ನನ್ನದೇ ಪ್ರಬಂಧ ಸಂಕಲನವನ್ನೂ ಕೊಟ್ಟೆ. “ಚೆನ್ನಾಗಿದೆ ಸಾರ್. ಆದರೆ ಯಾರ ಬಗ್ಗೆ ಬರೆದ್ರೂ ನೀವೇ ಜಾಸ್ತಿ ಇದ್ದೀರಿ.” ಎರಡು ದಿನ ಅವಳ ಮೇಲೆ ಸಿಟ್ಟಿತ್ತು, ಸುಳ್ಳು ಹೇಳಲಾರೆ.

ಈ ನ್ಯಾಯನಿಷ್ಠುರತೆಯ ಬೇರು ಹೊಲಿಗೆ ಅಂಗಡಿಯಲ್ಲಿತ್ತು. ಸಂಜೆ ಮಷಿನ್ನು ನಿಂತ ಮೇಲೆ, ಗುಂಡಿ ಹಚ್ಚುವ, ಅಂಚು ಮಡಚಿ ಹೊಲಿಯುವ, ಕಣ್ಣಿಗಿಂತ ಕೈಗೇ ಹೆಚ್ಚು ಗೊತ್ತಿರುವ ಕೆಲಸಗಳಿಗೆ ದೊಡ್ಡಮ್ಮ ಕುಳಿತಾಗ, ಇವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಹಗಲೆಲ್ಲ ಸೂಜಿಯ ಮೊನೆ ನೋಡಿ ದಣಿದ ಕಣ್ಣಿಗೆ ಅಕ್ಷರ ಹಿಡಿಯುವುದಿಲ್ಲವೆಂದು ದೊಡ್ಡಮ್ಮನೇ ಮಾಡಿದ ಏರ್ಪಾಡು ಅದು. ಅವರು ನಡುವೆ ಬಾಯಿ ಹಾಕುತ್ತಿರಲಿಲ್ಲ. ಕಥೆಯ ಹುಡುಗಿ ಹೆಡ್ಡತನ ಮಾಡಿದರೆ ದಾರವನ್ನು ತುಸು ಜೋರಾಗಿ ಕಡಿಯುವರು, ಅಷ್ಟೆ. ಬೇಸರದ ವರ್ಣನೆಯನ್ನು ಕೂಡ ಹಾರಿಸದೆ, ಇದ್ದದ್ದನ್ನು ಇದ್ದ ಹಾಗೆ ಓದುವುದು ಇವಳ ಹೆಮ್ಮೆ. ಅದರ ಬಲದ ಮೇಲೆಯೇ ಸಿನಿಮಾದವರನ್ನು ಕಟಕಟೆಗೆ ಹತ್ತಿಸುತ್ತಿದ್ದಳು.

ಆ ವರ್ಷ ಅವಳು ಬಹಳ ಹಚ್ಚಿಕೊಂಡದ್ದು ನದಿ ದಾಟಿಸುವ ದೋಣಿಯೊಂದನ್ನು ನಡೆಸಿ ಬದುಕುವ ಅನಾಥ ಅಕ್ಕತಂಗಿಯರ ಕಾದಂಬರಿಯನ್ನು. ಐದು ಸಲ ಒಯ್ದಿದ್ದಳು. ಅದು ಸಿನಿಮಾ ಆಗಿ ಬರುತ್ತಿದೆಯೆಂದು ಗೋಡೆಗಳ ಮೇಲೆ ಭಿತ್ತಿಪತ್ರ ಕಂಡಾಗ, ಬೆರಳುಗಳ ನೆಟಿಗೆ ಮುರಿದು ಸಿದ್ಧಳಾಗುತ್ತಾಳೆಂದು ನಾನು ಎಣಿಸಿದ್ದೆ. ಅವಳು ಮುಖ ಬಾಡಿಸಿಕೊಂಡು ಬಂದು ಮೇಜಿನೆದುರು ನಿಂತಳು.

“ಸಾರ್, ಸಿನಿಮಾದವರು ಕೊನೆ ಬದಲಾಯಿಸಿರ್ತಾರೆ ಅಲ್ವಾ?”

“ಬದಲಾಯಿಸದೆ ಬಿಡ್ತಾರಾ? ನೀನೇ ಹೇಳ್ತಿರ್ತೀಯಲ್ಲ.”

“ಬದಲಾಯಿಸಿದ್ರೆ ಸಾಕು.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಆಮೇಲೆ ಒಂದೊಂದಾಗಿ ಹೊರಬಂತು. ಕೊನೆಯಿಂದ ಎರಡನೆಯ ಅಧ್ಯಾಯದಲ್ಲಿ ತಂಗಿಯಾದವಳು ಜ್ವರದಲ್ಲಿ, ಅಕ್ಕನ ತೋಳಿನ ಮೇಲೆ ಸಾಯುತ್ತಾಳೆ. ಇವಳ ತಾಯಿ ಸತ್ತದ್ದೂ ದೊಡ್ಡಮ್ಮನ ತೋಳಿನ ಮೇಲೆಯೇ. ಒಂಬತ್ತು ವರ್ಷಗಳಲ್ಲಿ ಆ ದಿನದ ಬಗ್ಗೆ ದೊಡ್ಡಮ್ಮ ಒಂದು ಮಾತು ಆಡಿದವರಲ್ಲ. ಓದುತ್ತ ಓದುತ್ತ ಆ ಪುಟಕ್ಕೆ ಬಂದಾಗ ಇವಳು ತಲೆಯೆತ್ತಿ ಅವರ ಮುಖ ನೋಡಿದಳಂತೆ. ನೋಡಿದ್ದೇ ತಪ್ಪಾಯಿತು. ಜ್ವರ ಬಿಟ್ಟಿತು, ತಂಗಿ ಎದ್ದು ಕುಳಿತು ನೀರು ಕೇಳಿದಳು, ಮರುವಾರ ಇಬ್ಬರೂ ದೋಣಿಗೆ ಬಣ್ಣ ಬಳಿದರು ಎಂದು ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಬಾಯಿಗೆ ಬಂದದ್ದನ್ನು ಓದಿಬಿಟ್ಟಳು. “ಸದ್ಯ,” ಎಂದಿದ್ದರು ದೊಡ್ಡಮ್ಮ. ಈಗ, ವರ್ಷಗಟ್ಟಲೆ ಚಿತ್ರಮಂದಿರದ ಮೆಟ್ಟಿಲು ಹತ್ತದವರು, “ಆ ಹುಡುಗೀರ ಕಥೆನಾ? ನಾನೂ ಬರ್ತೀನಿ,” ಎಂದು ಹೊರಟು ನಿಂತಿದ್ದರು.

“ಅಷ್ಟು ಜನರ ಮಧ್ಯೆ ಕೂತು ಅವರು ಅದನ್ನ ನೋಡಬೇಕು. ಮತ್ತೆ ನಾನು ಸುಳ್ಳು ಓದಿದ್ದು ಗೊತ್ತಾದ್ರೆ, ಇನ್ಮೇಲೆ ನಾನು ಓದಿದ್ದನ್ನ ನಂಬ್ತಾರಾ?”

“ಮೊದಲೇ ಹೇಳಿಬಿಡು.”

“ಹೇಳೋಕೆ ಹೋದೆ. ಬಾಯೇ ಬರಲಿಲ್ಲ. ನೀವೂ ಬನ್ನಿ ಸಾರ್.”

ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋದೆ. ಕರುಣೆಗಿಂತ ಕುತೂಹಲದಿಂದಲೇ ಹೋದೆನೆಂದು ಒಪ್ಪಿಕೊಳ್ಳುತ್ತೇನೆ. ದುರದೃಷ್ಟವೆಂದರೆ ಆ ನಿರ್ದೇಶಕ ಪ್ರಾಮಾಣಿಕ. ದೋಣಿಯ ತೇಪೆ ಪುಸ್ತಕದಲ್ಲಿ ಹೇಳಿದ ಪಕ್ಕದಲ್ಲೇ ಇತ್ತು. ಅಕ್ಕನ ಗೊಗ್ಗರು ಧ್ವನಿ ಗೊಗ್ಗರಾಗಿಯೇ ಇತ್ತು. ಮಾತುಗಳನ್ನು ಅಕ್ಷರಶಃ ಎತ್ತಿಕೊಂಡಿದ್ದರು. ನನ್ನ ಪಕ್ಕದಲ್ಲಿ ಹತ್ತು ಬೆರಳುಗಳು ಬಿಡಿಸಿದಂತೆಯೇ, ಒಂದು ತಪ್ಪಿಗಾಗಿ ಬೇಡುತ್ತ ಕುಳಿತಿದ್ದವು. ಮಧ್ಯಂತರದಲ್ಲಿ ಮುದುಕ ಎಂದಿನಂತೆ ಕೇಳಿದ. “ಒಂದೂ ಇಲ್ಲ,” ಎಂದಳು, ಅಳು ನುಂಗಿಕೊಂಡು. ಅಂತೂ ಒಂದು ಸಿನಿಮಾ ಪಾಸಾಯಿತಲ್ಲ ಎಂದು ಅವನು ಖುಷಿಪಟ್ಟ.

ಜ್ವರದ ದೃಶ್ಯ ಬಂದಾಗ ಇವಳು ಕಣ್ಣು ಮುಚ್ಚಿಕೊಂಡಳು. ದೊಡ್ಡಮ್ಮ ಮುಚ್ಚಲಿಲ್ಲ. ತೆರೆಯ ಬೆಳಕು ಅವರ ಮುಖದ ಮೇಲೆ ಬೀಳುತ್ತಿತ್ತು. ಕೈ ಚಾಚಿ, ನೋಡದೆಯೇ, ಮಗಳ ಮೊಣಕೈಯನ್ನು ಹಿಡಿದುಕೊಂಡರು. ಎರಡು ನಿಮಿಷದಲ್ಲಿ ಎಲ್ಲ ಮುಗಿದು ಪಿಟೀಲು ಶುರುವಾಯಿತು.

ಹೊರಗೆ ಇನ್ನೂ ಬಿಸಿಲಿತ್ತು. ಎರಡು ಬೀದಿ ದಾಟಿದೆವು.

“ದೊಡ್ಡಮ್ಮ, ಪುಸ್ತಕದಲ್ಲೂ ಹೀಗೇ ಇದೆ. ನಾನೇ...”

“ಗೊತ್ತು ಬಿಡು. ಆವತ್ತೇ ಗೊತ್ತಾಯ್ತು. ಅಷ್ಟು ಹೊತ್ತು ಓದಿದೆ, ಒಂದು ಹಾಳೆನೂ ಮಗುಚಲಿಲ್ಲ ನೀನು.”

ಹುಡುಗಿ ನಿಂತುಬಿಟ್ಟಳು. “ಮತ್ತೆ ಯಾಕೆ ಕೇಳಲಿಲ್ಲ?”

“ಏನಂತ ಕೇಳ್ಲಿ? ಅಷ್ಟು ಕಷ್ಟಪಟ್ಟು ನೀನು ಅವಳನ್ನ ಬದುಕಿಸ್ತಾ ಇದ್ದೆ.” ದೊಡ್ಡಮ್ಮ ನಾಲ್ಕು ಹೆಜ್ಜೆ ನಡೆದು ತಿರುಗಿದರು. “ಸಿನಿಮಾದೋರು ಬೇಗ ಮುಗಿಸಿಬಿಟ್ರು. ಅದು ಹಾಗೆ ಬೇಗ ಮುಗಿಯಲ್ಲ. ಪುಸ್ತಕದಲ್ಲಿ ಎಷ್ಟು ಪುಟ ಇದೆ?”

“ಹನ್ನೊಂದು.”

“ಸರಿ. ಮನೆಗೆ ಹೋಗಿ ಓದು. ಆಮೇಲೆ ನಾನೂ ಹೇಳ್ತೀನಿ, ನಿಮ್ಮಮ್ಮಂದು.”

ಪುಸ್ತಕವಿದ್ದ ವಾಚನಾಲಯಕ್ಕೆ ಅಂದು ರಜೆ. ಬೀಗದ ಕೈ ನನ್ನ ಬಳಿಯಿತ್ತು. ಪುಸ್ತಕ ತೆಗೆದುಕೊಟ್ಟು ನಾನು ನನ್ನ ದಾರಿ ಹಿಡಿದೆ.

ಇಂಥ ಓದುಗರನ್ನು ನಾನು ಆಮೇಲೆಯೂ ಕಂಡಿದ್ದೇನೆ. ಅವರ ಪಾಲಿಗೆ ಕಥೆಯೆಂಬುದು ಎಲ್ಲೋ ನಿಜವಾಗಿ ನಡೆದುಹೋದ ಸಂಗತಿ, ಅದಕ್ಕೆ ಸಾಕ್ಷಿ ತಾವೊಬ್ಬರೇ. ಆದ್ದರಿಂದಲೇ ಒಂದು ಕೂದಲೆಳೆ ಬದಲಾದರೂ ಕಳ್ಳಸಾಕ್ಷಿ ನುಡಿದವರನ್ನು ಕಂಡಷ್ಟು ಸಿಟ್ಟು. ನಾವು ದೊಡ್ಡವರು ನಗುತ್ತೇವೆ, ವಯಸ್ಸಿನ ಹುಚ್ಚು ಎನ್ನುತ್ತೇವೆ. ಆದರೆ ಅಷ್ಟು ಕಟ್ಟುನಿಟ್ಟಾಗಿ ಸತ್ಯವನ್ನು ನಂಬಿದವರು ಎಂದೋ ಒಂದು ಸಂಜೆ, ಎದುರಿಗೆ ಕುಳಿತವರ ಮುಖ ನೋಡಿ, ಅದನ್ನು ಮುರಿದರೆ ಮುರಿದವರಿಗೇ ಎಷ್ಟು ನೋಯುತ್ತದೆಂಬುದು ನಮಗೆ ತಿಳಿಯುವುದಿಲ್ಲ. ಮೂವತ್ತು ವರ್ಷಗಳಿಂದ ಬರೆಯುತ್ತಿದ್ದೇನೆ. ಇಲ್ಲದ್ದನ್ನು ಇದೆಯೆನ್ನುವುದು ನನಗೆ ನೀರು ಕುಡಿದಷ್ಟು ಸಲೀಸು. ಯಾರನ್ನಾದರೂ ಬದುಕಿಸಲೇಬೇಕೆಂದು ಒಂದು ಸುಳ್ಳನ್ನು ಹೇಳಿದ ನೆನಪು ಮಾತ್ರ ನನಗಿಲ್ಲ.